ಒಂದು ಲೋಕಲ್ ದೂರದಲ್ಲಿ ಮ್ಯೂಸಿಯಂ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ. ಅನೇಕ ಕೇಳುಗರು ಬರಹದ ರೂಪದಲ್ಲಿ ಬೇಕೆಂದು ಕೇಳಿದ್ದರಿಂದ ಇಲ್ಲಿ ಕೊಡಲಾಗಿದೆ.)



ಹಿಂದಿನ ಸಂಚಿಕೆಯಲ್ಲಿ ಫ್ರಾನ್ಸಿನ ಮ್ಯೂಸಿಯಂಗಳ ಬಗ್ಗೆ ಮಾತಾಡಿದ್ದೆ. ಬೆಂಕಿಗೆ ಸಿಕ್ಕಿದ ನೋತ್ರ್ ದಾಮ್ ಇಗರ್ಜಿ ಐದು ವರ್ಷಗಳ ದುರಸ್ತಿಯ ನಂತರ 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದದ್ದು, ಪ್ಯಾರಿಸ್ ನಗರದ ಚರಿತ್ರೆ ಹೇಳುವ ಕಾರ್ನಾವಾಲೆ ಮ್ಯೂಸಿಯಂ 2021ರಲ್ಲಿ ಹೊಸದಾಗಿ ಅಣಿಯಾದದ್ದು, ಪೊಂಪಿದು ಸೆಂಟರ್ ದೊಡ್ಡ ನವೀಕರಣಕ್ಕಾಗಿ 2025ರಲ್ಲಿ ಮುಚ್ಚಿದ್ದು, ಇವೆಲ್ಲ ಹೇಳಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ಫೋನ್ ಮಾಡಿದರು. "ಪ್ಯಾರಿಸ್ಸಾಯ್ತು ಮೇಡಂ, ಬಹಳ ಚೆನ್ನಾಗಿತ್ತು. ಆದರೆ ನಮಗೆ ಭಾನುವಾರ ದಾದರಿಗೆ ಹೋಗಿ ಬರುವುದೇ ಒಂದು ಯಾತ್ರೆ. ನಮ್ಮ ಹತ್ತಿರ ಏನಿದೆ ಅದನ್ನು ಹೇಳಿ" ಅಂದರು. ನ್ಯಾಯವಾದ ಮಾತು. ಇವತ್ತಿನ ಮಾತು ಅವರಿಗೂ, ಥಾಣೆ, ಕಲ್ಯಾಣ್, ನವಿಮುಂಬಯಿಯ ನಿಮಗೆಲ್ಲರಿಗೂ.

ಮೊದಲು ಫ್ರಾನ್ಸಿನಿಂದ ಎರಡೇ ಎರಡು ಉದಾಹರಣೆ ತೆಗೆದುಕೊಳ್ಳುತ್ತೇನೆ. ಪ್ಯಾರಿಸ್ಸಿನ ಆರ್ಸೆ ಮ್ಯೂಸಿಯಂ ಮೂಲದಲ್ಲಿ ಮ್ಯೂಸಿಯಂ ಅಲ್ಲ, ರೈಲ್ವೆ ಸ್ಟೇಷನ್. 1900ರ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದ್ದು. ಪ್ಲಾಟ್‌ಫಾರಂ ಗಿಡ್ಡವಾಯಿತು, ಉದ್ದದ ರೈಲುಗಳು ಹಿಡಿಸಲಿಲ್ಲ, ಸ್ಟೇಷನ್ ಬಡವಾಯಿತು. ಕೆಡವಿ ಹೋಟೆಲು ಕಟ್ಟುವ ಯೋಚನೆಯೂ ಇತ್ತು. ಕೊನೆಗೆ ಉಳಿಸಿಕೊಂಡರು. 1986ರ ಡಿಸೆಂಬರಿನಿಂದ ಅದು ಜಗತ್ತಿನ ದೊಡ್ಡ ಚಿತ್ರಕಲಾ ಮ್ಯೂಸಿಯಂಗಳಲ್ಲಿ ಒಂದು. ಎರಡನೆಯದು ಲಾನ್ಸ್ ಎಂಬ ಊರು. ಉತ್ತರ ಫ್ರಾನ್ಸಿನ ಕಲ್ಲಿದ್ದಲ ಗಣಿಯ ಊರು. ಗಣಿ ಮುಚ್ಚಿತು, ಕೆಲಸ ಹೋಯಿತು. 2012ರಲ್ಲಿ ಪ್ಯಾರಿಸ್ಸಿನ ಲೂವ್ರ್ ತನ್ನ ಒಂದು ಶಾಖೆಯನ್ನು ಆ ಹಳೆಯ ಗಣಿಯ ಜಾಗದಲ್ಲೇ ತೆರೆಯಿತು. ಪ್ಯಾರಿಸ್ಸಿನಿಂದ ಅಲ್ಲಿಗೆ ವೇಗದ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಲ್ಲವೇ?

ವ್ಯತ್ಯಾಸ ಏನೆಂದರೆ, ಅಲ್ಲಿ ಮ್ಯೂಸಿಯಂ ಉಪನಗರಕ್ಕೆ ಬಂತು. ನಮ್ಮಲ್ಲಿ ಉಪನಗರದವರೇ ಮ್ಯೂಸಿಯಂಗೆ ಹೋಗಬೇಕು. ಹೋಗೋಣ, ಅದರಲ್ಲೇನು? ದಿನಾ ಆಫೀಸಿಗೆ ಹೋಗುವ ಅದೇ ಗಾಡಿ.

ಸಿಎಸ್‌ಎಂಟಿಯಲ್ಲಿ ಇಳಿದ ಕೂಡಲೇ ಶುರು. ನೀವು ವರ್ಷಗಟ್ಟಲೆ ಓಡಾಡಿದ ಆ ಸ್ಟೇಷನ್ನೇ 2004ರಿಂದ ಯುನೆಸ್ಕೋ ವಿಶ್ವಪರಂಪರೆಯ ತಾಣ. ಹೊರಗೆ ಬಂದು ಪಕ್ಕದ ಜನರಲ್ ಪೋಸ್ಟ್ ಆಫೀಸಿನ ಗುಮ್ಮಟ ನೋಡಿ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ವಿಜಾಪುರದ ಗೋಳಗುಮ್ಮಟವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಕಟ್ಟಡ ಮುಗಿದದ್ದು 1913ರಲ್ಲಿ. ವಿಜಾಪುರದಿಂದ ಬಂದು ಇಲ್ಲಿ ದುಡಿಯುವ ಎಷ್ಟೋ ಸಾವಿರ ಜನ ದಿನಾ ಅದರ ಕೆಳಗೇ ಹಾದು ಹೋಗುತ್ತಾರೆ. ತಮ್ಮ ಊರಿನ ನೆರಳು ತಲೆಯ ಮೇಲಿದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಅಲ್ಲಿಂದ ಕಾಲಾಘೋಡಾಕ್ಕೆ ನಡೆದೂ ಹೋಗಬಹುದು. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೋ ಕಫ್ ಪರೇಡ್‌ವರೆಗೆ ಓಡುತ್ತಿದೆ. ಸಿಎಸ್‌ಎಂಟಿಯಲ್ಲಿ ಹತ್ತಿ ಹುತಾತ್ಮಾ ಚೌಕದಲ್ಲಿ ಇಳಿದರೆ ವಯಸ್ಸಾದವರಿಗೂ ಕಷ್ಟವಿಲ್ಲ. ಅಲ್ಲಿ ಇರುವುದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ. ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು, 1922ರ ಜನವರಿಯಲ್ಲಿ ಸಾರ್ವಜನಿಕರಿಗೆ ಪ್ರವೇಶ. ನಡುವೆ ಮೊದಲನೆಯ ಮಹಾಯುದ್ಧ ಬಂದು ಕಟ್ಟಡ ಸೈನಿಕರ ಆಸ್ಪತ್ರೆಯಾಗಿತ್ತು. ನೂರು ವರ್ಷ ತುಂಬುವ ಹೊತ್ತಿಗೆ ಇಡೀ ಕಟ್ಟಡದ ದುರಸ್ತಿ ಮಾಡಿದರು. ಆ ಕೆಲಸಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಗಳಲ್ಲಿ ಮೊದಲ ದರ್ಜೆಯದೇ ಸಿಕ್ಕಿತು. 2019ರಲ್ಲಿ ಅದೇ ಆವರಣದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಮ್ಯೂಸಿಯಂ ತೆರೆದರು. 2015ರಲ್ಲಿ 'ಗಾಲಿಗಳ ಮೇಲೆ ಮ್ಯೂಸಿಯಂ' ಎಂಬ ಬಸ್ಸನ್ನೂ ಹೊರಡಿಸಿದರು, ಶಾಲೆಗಳ ಬಾಗಿಲಿಗೇ ವಸ್ತುಗಳನ್ನು ಒಯ್ಯುವುದಕ್ಕೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಪಾಲಕರ ಸಭೆ ಆದಾಗ ಈ ಬಗ್ಗೆ ಒಂದು ಮಾತು ಕೇಳಿ ನೋಡಿ.

ಒಳಗೆ ಹೋದವರು ಸಾಮಾನ್ಯವಾಗಿ ಚೀನಾ ಎಂದು ಮೇಲಿನ ಮಹಡಿಗೆ ಓಡುತ್ತಾರೆ. ನೀವು ಮೊದಲು ಶಿಲ್ಪಗಳ ವಿಭಾಗದಲ್ಲಿ ನಿಲ್ಲಿ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ಬಂದ ದೊಡ್ಡ ಕಲ್ಲು ಫಲಕಗಳು ಅಲ್ಲಿವೆ: ಬ್ರಹ್ಮ, ವಿಷ್ಣು, ಶಿವ. ಬಾದಾಮಿ ಚಾಲುಕ್ಯರ ಕಾಲದ ಕೆಲಸ. ಇವು ಗೋಡೆಯ ಶಿಲ್ಪಗಳಲ್ಲ, ಗುಡಿಯ ಮಾಳಿಗೆಯ ಶಿಲ್ಪಗಳು. ಐಹೊಳೆಯಲ್ಲಿ ಇದ್ದಾಗ ಭಕ್ತರು ಕತ್ತೆತ್ತಿ ಮಬ್ಬು ಬೆಳಕಿನಲ್ಲಿ ನೋಡುತ್ತಿದ್ದದ್ದನ್ನು ಇಲ್ಲಿ ನೀವು ಎದುರಾಎದುರು ನಿಂತು, ಬೆರಳಿನ ಉಗುರು ಎಣಿಸುವಷ್ಟು ಹತ್ತಿರದಿಂದ ನೋಡಬಹುದು.

ಇವು ಮುಂಬಯಿಗೆ ಬಂದದ್ದು ಹೇಗೆ? ಆಗ ಐಹೊಳೆ ಇದ್ದದ್ದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿ. ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ, ಈ ನಾಲ್ಕೂ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ಕೋರ್ಟು ಕಚೇರಿ, ಯುನಿವರ್ಸಿಟಿ, ಎಲ್ಲಕ್ಕೂ ಇಲ್ಲಿಗೇ ಬರಬೇಕಿತ್ತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಕಲ್ಲುಗಳು ಇಲ್ಲೇ ಉಳಿದವು. ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನು ಹೇಳಿ. "ನಾವು ಹೊರಗಿನವರಾ?" ಎಂದು ಶಾಲೆಯಲ್ಲಿ ಒಮ್ಮೆಯಾದರೂ ಕೇಳಿಸಿಕೊಂಡ ಮಗುವಿಗೆ, ಈ ಊರಿಗೂ ನಮಗೂ ಇರುವ ಸಂಬಂಧ ಹೋಟೆಲಿನಿಂದ ಮಾತ್ರ ಶುರುವಾದದ್ದಲ್ಲ ಎಂದು ತಿಳಿಯಲಿ. ಜಗಳಕ್ಕಾಗಿ ಅಲ್ಲ, ತಿಳಿವಳಿಕೆಗಾಗಿ.

ಎರಡನೆಯ ಜಾಗ ಭಾಯಖಳದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ. ರಾಣಿಬಾಗ್ ಎಂದರೆ ಎಲ್ಲರಿಗೂ ಗೊತ್ತು, ಹುಲಿ, ಪೆಂಗ್ವಿನ್ ನೋಡಲು ಹೋಗಿರುತ್ತೀರಿ. ಮ್ಯೂಸಿಯಂ ಅದರ ಬಾಗಿಲಲ್ಲೇ ಇದೆ. ಮುಂಬಯಿಯ ಅತಿ ಹಳೆಯ ಮ್ಯೂಸಿಯಂ ಇದು. 1872ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಹೆಸರಿನಲ್ಲಿ ತೆರೆಯಿತು. ಅದಕ್ಕಾಗಿ ಊರಿನ ಶ್ರೀಮಂತರಿಂದ ಚಂದಾ ಎತ್ತಲು ಓಡಾಡಿದವರಲ್ಲಿ ವೈದ್ಯರಾದ ಡಾ. ಭಾವು ದಾಜಿ ಮುಖ್ಯರು. ನೂರು ವರ್ಷ ಕಳೆದ ಮೇಲೆ, 1975ರಲ್ಲಿ, ಮ್ಯೂಸಿಯಂಗೆ ಅವರ ಹೆಸರಿಟ್ಟರು. ಆದರೆ ಆ ಹೊತ್ತಿಗೆ ಕಟ್ಟಡ ಸೋರುತ್ತಿತ್ತು. 2003ರಲ್ಲಿ ಮಹಾನಗರಪಾಲಿಕೆ, ಇಂಟ್ಯಾಕ್ ಸಂಸ್ಥೆ, ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಮೂರೂ ಸೇರಿ ಒಪ್ಪಂದ ಮಾಡಿಕೊಂಡವು. ಸಂರಕ್ಷಣೆಯ ವಾಸ್ತುಶಿಲ್ಪಿ ವಿಕಾಸ್ ದಿಲಾವರಿಯವರ ಕೈಯಲ್ಲಿ ಕೆಲಸ ನಡೆಯಿತು. 2005ರಲ್ಲಿ ಯುನೆಸ್ಕೋ ಪ್ರಶಸ್ತಿ, 2008ರ ಜನವರಿಯಲ್ಲಿ ಮರುಪ್ರವೇಶ.

ಇಲ್ಲಿ ಒಂದು ಮಾತು. ನವೀಕರಣ ಅಂದರೆ ಸುಣ್ಣ ಬಣ್ಣ ಅಲ್ಲ. ಹಳೆಯ ಎರಕದ ಕಂಬ, ಹಳೆಯ ಟೈಲು, ಚಾವಣಿಯ ಚಿನ್ನದ ರೇಖೆ, ಯಾವುದನ್ನೂ ಕಿತ್ತು ಹೊಸದು ಹಾಕದೆ, ಮೇಲೆ ಕೂತ ಎಷ್ಟೋ ಕೋಟಿಂಗ್ ಬಣ್ಣವನ್ನು ಕೆರೆದು, ಅಡಿಯಲ್ಲಿದ್ದ ಮೂಲವನ್ನು ಹುಡುಕುವ ಕೆಲಸ ಅದು. ಹೊಸ ಕಟ್ಟಡ ಎಬ್ಬಿಸುವುದಕ್ಕಿಂತ ನಿಧಾನ. ಒಳಗೆ ಹಳೆಯ ಮುಂಬಯಿಯ ನಕಾಶೆಗಳಿವೆ, ಬೇರೆ ಬೇರೆ ಸಮುದಾಯಗಳ ಮುಂಡಾಸು ಉಡುಪುಗಳ ಮಣ್ಣಿನ ಗೊಂಬೆಗಳಿವೆ. ಹೊರಗಿನ ತೋಟದಲ್ಲಿ ಒಂದು ಕಲ್ಲಿನ ಆನೆ ನಿಂತಿದೆ. ಅದನ್ನು ನೋಡದೆ ಬರಬೇಡಿ. ಘಾರಾಪುರಿ ದ್ವೀಪಕ್ಕೆ ಎಲಿಫಂಟಾ ಎಂದು ಪೋರ್ಚುಗೀಸರು ಹೆಸರಿಟ್ಟದ್ದು ಇದೇ ಆನೆಯಿಂದ. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಎತ್ತುವಾಗ ಬಿದ್ದು ಒಡೆಯಿತು. ತುಂಡುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. ಒಡೆದದ್ದರಿಂದಲೇ ಊರಲ್ಲಿ ಉಳಿಯಿತು ಅನ್ನಬೇಕು.

ಮೂರನೆಯದು ಬ್ಯಾಂಕಿನವರಿಗೆ. ಫೋರ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವನ್ನು 2004ರ ನವೆಂಬರಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದರು. ನಮ್ಮಲ್ಲಿ ಎಷ್ಟು ಮನೆಗಳು ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳ ಸಂಬಳದಲ್ಲಿ ನಡೆದಿವೆ! ಅವುಗಳಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಕರಗಿ ಹೋದವು. ಈಗ ಆ ಹೆಸರಿನ ಪಾಸ್‌ಬುಕ್ಕು, ಕ್ಯಾಲೆಂಡರು ಕೂಡ ಮ್ಯೂಸಿಯಂ ವಸ್ತುಗಳೇ.

ಸಿನಿಮಾ ಪ್ರಿಯರು ಪೆಡ್ಡರ್ ರೋಡಿನ ಭಾರತೀಯ ಸಿನಿಮಾದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋಗಬಹುದು. ಗುಲ್ಶನ್ ಮಹಲ್ ಎಂಬ ಹಳೆಯ ಬಂಗಲೆ, ಪಕ್ಕದಲ್ಲಿ ಹೊಸ ಕಟ್ಟಡ. 2019ರ ಜನವರಿಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಮೂಕಿ ಚಿತ್ರಗಳಿಂದ ಇಲ್ಲಿಯವರೆಗೆ, ಹಳೆಯ ಕ್ಯಾಮೆರಾಗಳು, ಪೋಸ್ಟರುಗಳು ಎಲ್ಲ ಇವೆ.

ಇನ್ನು ನಮ್ಮ ಭಾಗಕ್ಕೆ ಬರೋಣ. ಥಾಣೆಯಿಂದ ಆಚೆ ಗಾಜಿನ ಕಪಾಟಿನ ದೊಡ್ಡ ಮ್ಯೂಸಿಯಂ ಇಲ್ಲ ಎನ್ನುವುದು ನಿಜವಾದ ಕೊರತೆ. ಪೋರ್ಚುಗೀಸರು ಶುರುಮಾಡಿದ ಥಾಣೆಯ ಕೋಟೆ ಇಂದು ಸೆಂಟ್ರಲ್ ಜೈಲು. ಆದರೆ ಬಯಲಲ್ಲೇ ನಿಂತ ಚರಿತ್ರೆ ಬೇಕಾದಷ್ಟಿದೆ.

ಅಂಬರ್‌ನಾಥ್ ಸ್ಟೇಷನ್ನಿನಿಂದ ರಿಕ್ಷಾ ಹಿಡಿದರೆ ಶಿವಾಲಯ. ಶಿಲಾಹಾರ ಅರಸು ಮುಮ್ಮುಣಿಯ ಕಾಲದ, 1060ನೆಯ ಇಸವಿಯ ಶಾಸನ ಅಲ್ಲಿ ದೊರೆತಿದೆ. ಹೊರಗೋಡೆಯನ್ನು ಒಂದು ಸುತ್ತು ನಿಧಾನವಾಗಿ ನೋಡಿ, ಒಂದು ಗಂಟೆ ಸಾಲದು. ಈ ಶಿಲಾಹಾರರು ಯಾರು? ಥಾಣೆಯ ಸುತ್ತ ಆಳಿದವರು, ಮೊದಲಿಗೆ ರಾಷ್ಟ್ರಕೂಟರ ಸಾಮಂತರು. ಮಾನ್ಯಖೇಟದಿಂದ, ಅಂದರೆ ಕಲಬುರಗಿ ಜಿಲ್ಲೆಯ ಈಗಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರು.

ಇದಕ್ಕೆ ಸಾಕ್ಷಿ ಬೇಕಾದರೆ ಬೋರಿವಲಿಯ ನ್ಯಾಷನಲ್ ಪಾರ್ಕಿನ ಒಳಗಿನ ಕಾನ್ಹೇರಿ ಗುಹೆಗಳಿಗೆ ಹೋಗಿ. ಥಾಣೆಯವರಿಗೆ ಘೋಡಬಂದರ್ ರಸ್ತೆಯ ಬಸ್ಸಿದೆ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಎರಡು ಸಾವಿರ ವರ್ಷ ಹಿಂದಿನ ದಾನಿಗಳ ಹೆಸರುಗಳಲ್ಲಿ ಕಲ್ಯಾಣದ ವ್ಯಾಪಾರಿಗಳೂ ಇದ್ದಾರೆ. ಆಗ ಕಲ್ಯಾಣ ಬಂದರು ಪಟ್ಟಣ. ಇನ್ನೂ ಮುಂದೆ, ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಿವೆ. ಶಿಲಾಹಾರ ಕಪರ್ದಿಯ ಕಾಲದವು, ಶಕ 775 ಮತ್ತು 799ರವು. ಅವುಗಳಲ್ಲಿ ಸಾರ್ವಭೌಮನೆಂದು ಹೇಳಿರುವುದು ಯಾರನ್ನು ಗೊತ್ತೇ? ಅಮೋಘವರ್ಷನನ್ನು. ಬಿ.ಎ. ಕನ್ನಡ ಓದಿದವರಿಗೆಲ್ಲ ಮೊದಲ ಪಾಠವೇ ಇವನ ಆಸ್ಥಾನದ 'ಕವಿರಾಜಮಾರ್ಗ'. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರು ಬೋರಿವಲಿಯ ಗುಡ್ಡದ ಕಲ್ಲಿನಲ್ಲಿ ಕೊರೆದಿದೆ ಎಂದು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಅಲ್ಲಿನ ಒಂದು ಶಾಸನದ ದಾನಿ ಗೌಡ ದೇಶದಿಂದ, ಅಂದರೆ ಈಗಿನ ಬಂಗಾಳದ ಕಡೆಯಿಂದ ಬಂದವನು. ಸಾವಿರದ ನೂರು ವರ್ಷದ ಹಿಂದೆಯೂ ಈ ಊರಿಗೆ ದೂರದೂರದವರು ಬಂದು ಸೇರುತ್ತಿದ್ದರು.

ನವಿಮುಂಬಯಿಯವರಿಗೆ ಬೇಲಾಪುರದ ಅರ್ಬನ್ ಹಾಟ್ ಗೊತ್ತೇ ಇದೆ; ಬೇರೆ ಬೇರೆ ರಾಜ್ಯದ ಕುಶಲಕರ್ಮಿಗಳು ಸಾಮಾನು ತಂದು ಮಾರುವ ಜಾಗ. ಇಳಕಲ್ ಸೀರೆಯೋ ಚನ್ನಪಟ್ಟಣದ ಗೊಂಬೆಯೋ ಕಂಡರೆ, ನೇಯುವವರ ಹತ್ತಿರ ಕನ್ನಡದಲ್ಲಿ ಎರಡು ಮಾತಾಡಿ. ಅವರಿಗೂ ಖುಷಿ, ನಿಮಗೂ ಬೆಲೆಯಲ್ಲಿ ಸ್ವಲ್ಪ ಅನುಕೂಲ ಆದೀತು!

ಈಗ ಇವತ್ತಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಫ್ರಾನ್ಸಿನ ಇನ್ನೊಂದು ಮ್ಯೂಸಿಯಂ ಬಗ್ಗೆ ಹೋದ ಬಾರಿ ಹೇಳಲು ಸಮಯ ಸಿಕ್ಕಿರಲಿಲ್ಲ. ಪ್ಯಾರಿಸ್ಸಿನಲ್ಲಿ ವಲಸೆಯ ಚರಿತ್ರೆಗೇ ಒಂದು ಮ್ಯೂಸಿಯಂ ಇದೆ. 1931ರಲ್ಲಿ ವಸಾಹತುಗಳ ವೈಭವ ತೋರಿಸಲು ಕಟ್ಟಿದ ಅರಮನೆಯಲ್ಲೇ 2007ರಲ್ಲಿ ಅದು ಶುರುವಾಯಿತು. 2023ರಲ್ಲಿ ಪ್ರದರ್ಶನವನ್ನು ಪೂರ್ತಿ ಹೊಸದಾಗಿ ಜೋಡಿಸಿದರು. ಅಲ್ಲಿ ದಾನದ ವಸ್ತುಗಳ ಗ್ಯಾಲರಿ ಒಂದಿತ್ತು. ಇಟಲಿಯಿಂದ, ಪೋರ್ಚುಗಲ್ಲಿನಿಂದ, ಅಲ್ಜೀರಿಯಾದಿಂದ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ತಮ್ಮ ಮನೆಯ ಸಾಮಾನನ್ನು ತಂದು ಕೊಟ್ಟು, ಅದರ ಕಥೆಯನ್ನೂ ಬರೆಸಿದ್ದರು. ಸೂಟ್‌ಕೇಸು, ಕೆಲಸದ ಉಪಕರಣ, ಪತ್ರ, ಫೋಟೋ. ರಾಜರ ಕಿರೀಟ ಒಂದೂ ಇಲ್ಲ. ಆದರೂ ಅದು ರಾಷ್ಟ್ರೀಯ ಮ್ಯೂಸಿಯಂ.

ಇದನ್ನು ಓದಿದಾಗ ನನಗೆ ನಮ್ಮ ಡೊಂಬಿವಲಿ, ಕಲ್ಯಾಣ್, ಥಾಣೆಯ ರೀಡೆವಲಪ್‌ಮೆಂಟ್ ಕಟ್ಟಡಗಳು ನೆನಪಾದವು. ನಲವತ್ತು ಐವತ್ತು ವರ್ಷದ ಹಿಂದೆ ನಮ್ಮವರು ಬಂದು ಸೇರಿದ ಚಾಳುಗಳು, ಮೂರು ಮಹಡಿಯ ಸೊಸೈಟಿಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಹೊಸ ಮನೆ ಬರುವುದು ಸಂತೋಷ. ಆದರೆ ಬಾಡಿಗೆ ಮನೆಗೆ ಹೊರಡುವ ಹಿಂದಿನ ವಾರ ಏನಾಗುತ್ತದೆ? ಅಜ್ಜ ಊರಿನಿಂದ ತಂದ ತಗಡಿನ ಟ್ರಂಕು ಭಂಗಾರ್‌ವಾಲಾನಿಗೆ. ಅಜ್ಜಿಯ ಪತ್ರಗಳ ಕಟ್ಟು, ಸಂಘದ ವಾರ್ಷಿಕ ವರದಿ, ನಾಟಕದ ಕರಪತ್ರ, ಯಕ್ಷಗಾನದ ಫೋಟೋ ಎಲ್ಲ ರದ್ದಿಗೆ, ಕಿಲೋ ಲೆಕ್ಕದಲ್ಲಿ. ಹಗಲು ಹೋಟೆಲಿನಲ್ಲಿ ಟೇಬಲ್ಲು ಒರೆಸಿ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಓದಿದ ಒಂದು ಇಡೀ ಪೀಳಿಗೆಯ ಗುರುತು ಹೀಗೆ ಹೋಗುತ್ತಿದೆ. ಕನ್ನಡ ಓದಲು ಬಾರದ ಮಕ್ಕಳಿಗೆ ಅದರಲ್ಲಿ ಏನಿದೆ ಎಂದು ಗೊತ್ತಾಗುವ ದಾರಿಯೂ ಇಲ್ಲ. ತಪ್ಪು ಅವರದಲ್ಲ.

ಐಹೊಳೆಯ ಕಲ್ಲನ್ನು ಸರಕಾರ ಉಳಿಸಿತು. ನಿಮ್ಮ ಮಾವನವರ ರಾತ್ರಿ ಶಾಲೆಯ ಸರ್ಟಿಫಿಕೇಟನ್ನು ಯಾವ ಸರಕಾರವೂ ಉಳಿಸುವುದಿಲ್ಲ. ನಾವೇ ಮಾಡಬೇಕು. ಮಾಡಲು ದೊಡ್ಡ ಕಟ್ಟಡ ಬೇಡ, ದೇಣಿಗೆ ಬೇಡ. ಸದ್ಯಕ್ಕೆ ಇಷ್ಟು ಮಾಡಿ.

ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ, ಒತ್ತದೆ, ಹೆಸರು, ಊರು, ಅಂದಾಜು ವರ್ಷ ಬರೆಯಿರಿ. ಬಾಲ್ ಪೆನ್ನು ಬೇಡ, ಮುಂದಕ್ಕೆ ಅಚ್ಚು ಮೂಡುತ್ತದೆ. ಹಳೆಯ ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಒಮ್ಮೆ ಹಚ್ಚಿದರೆ ತೆಗೆಯಲಾಗದು, ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ನಮ್ಮ ಮಳೆಗಾಲದ ತೇವ ದೊಡ್ಡ ಶತ್ರು. ಆದ್ದರಿಂದ ಕಾಗದಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದೆ, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡಿ. ಹಿತ್ತಾಳೆ ತಾಮ್ರದ ಪಾತ್ರೆಗಳ ಮೇಲೆ ಹೆಸರು, ತಾರೀಕು ಕೊರೆಸಿದ್ದರೆ ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಅದನ್ನು ಅಳಿಸಬೇಡಿ. ಆ ಅಕ್ಷರವೇ ಅದರ ಬೆಲೆ.

ಇನ್ನೊಂದು, ರೇಡಿಯೋದವಳಾಗಿ ಹೇಳುತ್ತೇನೆ. ಧ್ವನಿಯೂ ಒಂದು ವಸ್ತು. ನಿಮ್ಮ ಮನೆಯ ಹಿರಿಯರನ್ನು ಕೂರಿಸಿ, ಫ್ಯಾನು, ಟಿವಿ ಬಂದ್ ಮಾಡಿ, ಮೊಬೈಲನ್ನು ಅವರ ಹತ್ತಿರ ಇಟ್ಟು ಅರ್ಧ ಗಂಟೆ ಮಾತಾಡಿಸಿ. "ಮುಂಬಯಿಗೆ ಯಾವಾಗ ಬಂದಿರಿ? ಬಸ್ಸಿನಲ್ಲೋ, ಹಡಗಿನಲ್ಲೋ? ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಮೊದಲ ಸಂಬಳ ಎಷ್ಟು?" ಈ ನಾಲ್ಕು ಪ್ರಶ್ನೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ರೆಕಾರ್ಡಿಂಗಿನ ಮೊದಲಿಗೆ ಅವರ ಹೆಸರು, ಅವತ್ತಿನ ತಾರೀಕು ಹೇಳಿಸಿ. ಒಂದು ಪ್ರತಿ ಇನ್ನೊಬ್ಬರ ಮನೆಯಲ್ಲೂ ಇರಲಿ.

ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಒಂದು ವಿನಂತಿ. ಈ ಸಲದ ರಾಜ್ಯೋತ್ಸವಕ್ಕೆ ಸಭಾಂಗಣದ ಹಿಂಭಾಗದಲ್ಲಿ ಎರಡು ಟೇಬಲ್ ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ. ಪ್ರತಿ ಮನೆಯಿಂದ ಒಂದೇ ಒಂದು ವಸ್ತು, ಜೊತೆಗೆ ಐದು ಸಾಲಿನ ಚೀಟಿ: ಇದು ಯಾರದು, ಯಾವ ಊರಿನಿಂದ ಬಂತು, ಯಾವಾಗ, ಯಾಕೆ ಇಟ್ಟುಕೊಂಡಿದ್ದೀರಿ. ಚೀಟಿ ಕನ್ನಡದಲ್ಲೂ ಇರಲಿ, ಮಕ್ಕಳಿಗೆ ಗೊತ್ತಾಗುವ ಭಾಷೆಯಲ್ಲೂ ಇರಲಿ. ಕಾಯಲು ಇಬ್ಬರು ಸ್ವಯಂಸೇವಕರು, ಎಲ್ಲದರ ಫೋಟೋ ತೆಗೆಯಲು ಒಬ್ಬ ಹುಡುಗ. ಸಂಜೆ ವಸ್ತುಗಳು ಮನೆಗೆ ವಾಪಸ್. ಸಂಘದ ಬಳಿ ಫೋಟೋ ಮತ್ತು ಚೀಟಿಗಳ ಒಂದು ಫೈಲು ಉಳಿಯುತ್ತದೆ. ಹತ್ತು ವರ್ಷ ಹೀಗೆ ಮಾಡಿದರೆ, ಥಾಣೆ ಜಿಲ್ಲೆಯ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಬೇರೆ ಎಲ್ಲೂ ಸಿಗದ ಸಾಮಗ್ರಿ ನಿಮ್ಮ ಕಪಾಟಿನಲ್ಲಿರುತ್ತದೆ.

ಇದು ಆಗದ ಮಾತಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರು, ಕೆಡವಲು ನಿಂತಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿಸಿ ತಂದು ಮತ್ತೆ ಜೋಡಿಸಿ 'ಹಸ್ತಶಿಲ್ಪ' ಎಂಬ ಪರಂಪರೆಯ ಗ್ರಾಮವನ್ನೇ ಕಟ್ಟಿದರು. ಅವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಮೇ ತಿಂಗಳಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋದಾಗ, ಮದುವೆ ಉಪನಯನಗಳ ನಡುವೆ ಒಂದು ಹೊತ್ತು ಬಿಡುವು ಮಾಡಿಕೊಂಡು ನೋಡಿ ಬನ್ನಿ. ಬೆಂಗಳೂರಿಗೆ ಹೋಗುವವರು ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ನೋಡಬಹುದು, ಜೆ.ಪಿ. ನಗರದಲ್ಲಿ 2019ರಿಂದ ಸಂಗೀತಕ್ಕೇ ಮೀಸಲಾದ ಮ್ಯೂಸಿಯಂ ಇದೆ.

ಕೊನೆಗೆ ಹೊರಡುವವರಿಗೆ ಎರಡು ಸೂಚನೆ. ಭಾನುವಾರ ಮೆಗಾ ಬ್ಲಾಕ್ ಇದೆಯೇ ಎಂದು ಶನಿವಾರವೇ ನೋಡಿಕೊಳ್ಳಿ. ಸಾಧ್ಯವಾದರೆ ಶನಿವಾರವೇ ಹೋಗಿ. ಸೋಮವಾರ ಎಲಿಫಂಟಾ, ಕಾನ್ಹೇರಿ ಎರಡೂ ರಜೆ. ಬೇರೆ ಕಡೆಯ ರಜೆ, ಸಮಯ, ಟಿಕೆಟ್ ದರ ಆಗಾಗ ಬದಲಾಗುತ್ತವೆ, ಫೋನ್ ಮಾಡಿಯೇ ಹೊರಡಿ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಮಕ್ಕಳಿಗೆ ಎಲ್ಲವನ್ನೂ ತೋರಿಸಲು ಹೋಗಬೇಡಿ. ಐದು ವಸ್ತು ನೋಡಲಿ, ಅವುಗಳಲ್ಲಿ ಒಂದರ ಚಿತ್ರ ಬರೆಯಲಿ, ಆಮೇಲೆ ಒಂದು ವಡಾಪಾವ್ ತಿಂದು ಮನೆಗೆ ಬನ್ನಿ.

ಐಹೊಳೆಯ ಬ್ರಹ್ಮನನ್ನು ನೋಡಿ ಬಂದವರು, ಟೇಬಲ್ಲಿನ ಪ್ರದರ್ಶನ ಮಾಡಿದವರು ನಮಗೆ ಪತ್ರ ಬರೆಯಿರಿ. ಒಳ್ಳೆಯ ಚೀಟಿಗಳನ್ನು ಇದೇ ಕಾರ್ಯಕ್ರಮದಲ್ಲಿ ಓದುತ್ತೇವೆ.